ನಾಲಿಗೆ ತೊಳೆಯುವ ಇಪ್ಪತ್ತೊಂದು ದಿನ

ಕೊಳಾಯಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡ ಸೌಟು ಎಂದು. ಆಳೇನೂ ದೊಡ್ಡವನಲ್ಲ, ಅಟ್ಟದ ಮೇಲಿನ ಡಬ್ಬ ಇಳಿಸಬೇಕಾದರೆ ಹೆಂಡತಿಯನ್ನೇ ಕೂಗಬೇಕಿತ್ತು. ದೊಡ್ಡದಾಗಿದ್ದದ್ದು ಕೈಯಲ್ಲಿನ ಸೌಟು, ಅದಕ್ಕಿಂತ ದೊಡ್ಡದು ಬಾಯಿ, ಅದಕ್ಕೂ ದೊಡ್ಡದು ಜಂಬ. "ನಾನೂರು ಜನಕ್ಕೆ ಬೇಯಿಸ್ತೀನಿ. ಇಪ್ಪತ್ತನಾಲ್ಕು ವರ್ಷ ಆಯ್ತು. ಉಪ್ಪು ಹೆಚ್ಚಾಯ್ತು, ಕಮ್ಮಿಯಾಯ್ತು ಅಂತ ಒಬ್ಬೇ ಒಬ್ಬ ನರಪಿಳ್ಳೆ ಅಂದಿದ್ರೆ ಕರ್ಕೊಂಡು ಬಾ, ಇಲ್ಲೇ ಮೀಸೆ ಬೋಳಿಸ್ತೀನಿ" ಎನ್ನುತ್ತಿದ್ದ. ಮೀಸೆ ಅವನಿಗೆ ಇರಲೇ ಇಲ್ಲ, ಅದು ಬೇರೆ ಮಾತು.

ಜಂಬಕ್ಕೆ ಕಾರಣವೂ ಇತ್ತು ಅನ್ನಿ. ಅಳತೆಯ ಬಟ್ಟಲೆಂಬುದು ಅವನ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ಕುದಿಯುವ ಹಂಡೆಯ ಮುಂದೆ ನಿಂತು, ಸೌಟಿನ ತುದಿಯಿಂದ ಎಡ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಉಫ್ ಎಂದು ಊದಿ ನೆಕ್ಕುತ್ತಿದ್ದ. ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಬಲಗೈ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಹಿಡಿಯೋ, ಅರ್ಧ ಹಿಡಿಯೋ, ಎಷ್ಟು ಬಂತೋ ಅಷ್ಟು. ಮತ್ತೆ ರುಚಿ ನೋಡುತ್ತಿರಲಿಲ್ಲ. ಎರಡನೇ ಸಲ ನೋಡುವುದು ಅನುಮಾನದವರ ಕೆಲಸ ಎಂಬುದು ಅವನ ಮತ.

ಹೆಂಡತಿ ಅದೇ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವಳು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು, "ಏನಮ್ಮ, ಈರುಳ್ಳಿ ಹೆಚ್ತಿದೀಯೋ ಸೌದೆ ಒಡೀತಿದೀಯೋ?" ಎಂದಿದ್ದ. ಅವಳು ಚಾಕುವನ್ನು ಹಿಡಿಯ ಕಡೆಯಿಂದ ಅವನತ್ತ ನೀಡಿ, "ತಗೊಳ್ಳಿ, ನೀವೇ ಹೆಚ್ಚಿ ತೋರ್ಸಿ. ಕಣ್ಣೀರು ಬರದ ಹಾಗೆ ಹೆಚ್ಚಿದ್ರೆ ನಿಮ್ಮನ್ನೇ ಗುರು ಅಂತೀನಿ" ಎಂದಳು. ಅವನು ಹೆಚ್ಚಿದ, ಗಳಗಳ ಅತ್ತ. ಇಡೀ ಕ್ಯಾಂಟೀನು ನಕ್ಕಿತು. ಆರು ತಿಂಗಳಲ್ಲಿ ಮದುವೆಯಾಯಿತು. ಒಬ್ಬ ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಗಂಡ ಹೆಂಡತಿ ಮಾತ್ರ ಬೆಳಿಗ್ಗೆ ಒಟ್ಟಿಗೆ ಬಸ್ಸು ಹತ್ತಿ, ಸಂಜೆ ಒಟ್ಟಿಗೆ ಇಳಿದು, ದಾರಿಯುದ್ದಕ್ಕೂ ಯಾವುದಾದರೊಂದು ವಿಷಯಕ್ಕೆ ಜಗಳವಾಡುತ್ತ ಬದುಕಿದರು. ಸುಖವಾಗಿಯೇ ಇದ್ದರು ಎಂದು ನಾನು ಹೇಳಬಲ್ಲೆ.

ಮದುವೆಗೆ ಮುಂಚೆ, ಇಪ್ಪತ್ತಾರರ ವಯಸ್ಸಿನಲ್ಲಿ, ಅವನಿಗೆ ಕ್ಷಯ ಬಂದಿತ್ತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದ. ಎಕ್ಸರೇ ನೋಡಿದವರು ಎದೆ ಸ್ವಚ್ಛವಾಗಿದೆ ಎಂದರು, ಅವನೂ ಅದನ್ನು ಮರೆತ. ಎದೆಯಿಂದ ಹೋದದ್ದೇನೋ ನಿಜ. ಹೋಗುವ ಮುಂಚೆ ಅದು ಮೈಯೊಳಗೆ ಇನ್ನೆಲ್ಲಿ ಕಾಲಿಟ್ಟಿತ್ತು ಎಂದು ಯಾರೂ ಕೇಳಲಿಲ್ಲ.

ಅವನಿಗೆ ಐವತ್ತು ತುಂಬಿದ ವರ್ಷ ಶುರುವಾಯಿತು ನೋಡಿ. ಮೊದಲು ಸುಸ್ತು. ಹಂಡೆ ಇಳಿಸಿ ಸೊಂಟ ನೆಟ್ಟಗೆ ಮಾಡಿದರೆ ಕಣ್ಣು ಕತ್ತಲೆ. "ವಯಸ್ಸಾಯ್ತು ರೀ ನಿಮಗೆ" ಎಂದು ಹೆಂಡತಿ ಕಿಚಾಯಿಸಿದಳು. ಆಮೇಲೆ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದ, ಎರಡು ತಿಂಗಳಿಗೆ ಇನ್ನೊಂದು. ಬಣ್ಣವೂ ಕಪ್ಪಾಗುತ್ತ ಬಂತು. ಮುಖವೊಂದೇ ಅಲ್ಲ, ಮೊಣಕೈ, ಬೆರಳ ಗೆಣ್ಣು, ಅಂಗೈಯ ರೇಖೆಗಳು ಕೂಡ ಪೆನ್ನಿನಿಂದ ತಿದ್ದಿದಂತೆ ಕಪ್ಪಾದವು. ಅವಳು ನಿಂಬೆಹಣ್ಣು ಹಚ್ಚಿ ಉಜ್ಜಿದಳು. ಹೋಗಲಿಲ್ಲ. "ಒಲೆ ಮುಂದೆ ನಿಲ್ಲೋನು ಬೆಳ್ಳಗಿರೋಕೆ ಆಗತ್ತೇನೆ?" ಎಂದು ಅವನು ಕೈ ಕೊಸರಿಕೊಂಡ. ಬೀದಿಯ ಕ್ಲಿನಿಕ್ಕಿನವರು ಒಂದು ಟಾನಿಕ್ಕು ಬರೆದುಕೊಟ್ಟರು. ಸಿಹಿಯಾದ ಕೆಂಪು ನೀರು. ಅವನು ಎರಡು ಚಮಚ ಕುಡಿದು ಸಿಂಕಿಗೆ ಸುರಿದ.

ಆಮೇಲೆ ಉಪ್ಪು.

ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿ ಉಪ್ಪಿನ ಗುಡ್ಡೆ ಹಾಕಿಕೊಳ್ಳತೊಡಗಿದ. ಸೌತೆಕಾಯಿಯನ್ನು ಉಪ್ಪಿನಲ್ಲಿ ಅದ್ದಿ ತಿಂದ. ಒಂದು ದಿನ ಹೆಂಡತಿ ಉಗ್ರಾಣದ ಬಾಗಿಲು ತೆರೆದಾಗ, ಚೀಲದ ಬಾಯಿ ಬಿಚ್ಚಿಕೊಂಡು, ಹರಳುಪ್ಪನ್ನು ಬಾಯಿಗೆ ಹಾಕಿ ಸಕ್ಕರೆಯ ಹಾಗೆ ಚೀಪುತ್ತಿದ್ದ. ಕಳ್ಳನ ಹಾಗೆ ತಿರುಗಿ ನೋಡಿದ. ಅವಳು ನಗಬೇಕೋ ಹೆದರಬೇಕೋ ತಿಳಿಯದೆ, "ಹಸು ಉಪ್ಪು ನೆಕ್ಕೋದು ಹೀಗೆ" ಎಂದು ನಕ್ಕಳು.

ಇಲ್ಲಿ ನಾನು ಕತೆ ನಿಲ್ಲಿಸಿ ಹೇಳಿಬಿಡುತ್ತೇನೆ, ಅವರಿಬ್ಬರಿಗೂ ಗೊತ್ತಿಲ್ಲದ್ದು ನಿಮಗಾದರೂ ಗೊತ್ತಿರಲಿ. ನಮ್ಮೆಲ್ಲರ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅಡ್ರೀನಲ್ ಅನ್ನುತ್ತಾರೆ. ರಕ್ತದಲ್ಲಿ ಉಪ್ಪು ಉಳಿಯಬೇಕಾದರೆ, ಒತ್ತಡ ಬೀಳದಿರಬೇಕಾದರೆ, ಜ್ವರವೋ ಪೆಟ್ಟೋ ಬಂದಾಗ ಮೈ ತಡೆದುಕೊಳ್ಳಬೇಕಾದರೆ, ಅವೆರಡು ಸುರಿಸುವ ಹಾರ್ಮೋನು ಬೇಕು. ದೊಡ್ಡ ಸೌಟಿನ ಆ ಎರಡು ಗ್ರಂಥಿಗಳನ್ನು ಹಳೆಯ ಕ್ಷಯ ಇಪ್ಪತ್ತನಾಲ್ಕು ವರ್ಷ ಸದ್ದಿಲ್ಲದೆ ತಿಂದು ಮುಗಿಸಿತ್ತು. ತಿಂದ ಉಪ್ಪೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಅವನು ಬದುಕಿದ್ದದ್ದು ಆ ಕದ್ದು ಚೀಪಿದ ಹರಳುಗಳ ಮೇಲೆ. ಅದೊಂದು ಕೈತಪ್ಪಿದರೆ ಅವನು ಸಾಯುತ್ತಿದ್ದ, ಅಷ್ಟೇ ವಿಷಯ.

ಅಡುಗೆಯಲ್ಲಿ ಅದು ಕಾಣಿಸಿಕೊಳ್ಳದೆ ಇರುತ್ತದೆಯೇ? ಅವನ ಅಂಗೈಯ ನಾಲ್ಕು ಹನಿ ದಿನದಿನಕ್ಕೂ ಹೆಚ್ಚು ಸಪ್ಪೆ ಎನ್ನುತ್ತಿತ್ತು, ಅವನು ಇನ್ನೊಂದು ಹಿಡಿ ಹಾಕುತ್ತಿದ್ದ. ಮೊದಲ ವಾರ ಕೆಲಸಗಾರರು ತಮಾಷೆ ಮಾಡಿದರು. "ಏನಣ್ಣ, ಸಮುದ್ರಾನೇ ತಂದು ಹಂಡೆಗೆ ಬಗ್ಗಿಸಿದ್ಯಾ?" ಎಂದನೊಬ್ಬ. "ಕೊಳಾಯಿ ಕಾರ್ಖಾನೆ ಅಲ್ವೇನೋ, ನಾವು ನೀರು ಕುಡೀತಾ ಇದ್ರೇನೇ ಕಂಪನಿಗೆ ವ್ಯಾಪಾರ" ಎಂದ ಇನ್ನೊಬ್ಬ. ಎರಡನೇ ವಾರ ತಮಾಷೆ ನಿಂತಿತು. ಮೂರನೇ ವಾರ ಇಡೀ ಒಂದು ಪಾಳಿ ಬೇಳೆಸಾರಿನ ತಟ್ಟೆಯನ್ನು ಹಾಗೆಯೇ ಎತ್ತಿ ಮ್ಯಾನೇಜರನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಯಿತು. ಅರವತ್ತೆರಡು ತಟ್ಟೆ. ಹೆಂಡತಿಯೇ ಹೋಗಿ ಅವನ್ನೆಲ್ಲ ಎತ್ತಿಕೊಂಡು ಬಂದಳು.

ಮ್ಯಾನೇಜರ್ ಕೆಟ್ಟವನಲ್ಲ. "ನೋಡಪ್ಪ, ನಿನ್ನ ಕೈಯಡುಗೆ ಉಂಡೇ ನಾನೂ ಈ ಹೊಟ್ಟೆ ಬೆಳೆಸಿದ್ದು. ಮೂರು ವಾರ ಟೈಮ್ ಕೊಡ್ತೀನಿ. ಆಮೇಲೂ ಹೀಗೇ ಆದ್ರೆ ಪಾತ್ರೆ ತೊಳೆಯೋ ಕಡೆ ಹಾಕಬೇಕಾಗತ್ತೆ, ಬೇಜಾರು ಮಾಡ್ಕೋಬೇಡ" ಎಂದ.

ಆ ಸಂಜೆ ಬಸ್ಸಿನಲ್ಲಿ ಜಗಳವಾಡಲಿಲ್ಲ. ಅವನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ. ಮನೆಗೆ ಬಂದು ಚಪ್ಪಲಿ ಬಿಟ್ಟವನು, "ಲೇ, ನಾಲಿಗೆ ತೊಳೀತೀನಿ" ಎಂದ.

ಅವಳಿಗೆ ಅದೇನೆಂದು ಗೊತ್ತಿತ್ತು. ಅವನಿಗೆ ಅಡುಗೆ ಕಲಿಸಿದ ಹಳೆಯ ಬಾಣಸಿಗನ ಕಟ್ಟಳೆ ಅದು. ರುಚಿ ತಪ್ಪಿದ ಅಡುಗೆಯವನು ಇಪ್ಪತ್ತೊಂದು ದಿನ ಒಂದು ಹರಳು ಉಪ್ಪೂ ಮುಟ್ಟಬಾರದು, ಹದ ನೋಡಬಾರದು. ಬೇಯಿಸಿದ ಅನ್ನ, ಬೇಯಿಸಿದ ತರಕಾರಿ, ನೀರು, ಇಷ್ಟೇ. ಇಪ್ಪತ್ತೆರಡನೇ ದಿನ ನಾಲಿಗೆ ಕೂಸಿನ ನಾಲಿಗೆಯಾಗಿರುತ್ತದಂತೆ. ಅವನು ಹುಡುಗನಾಗಿದ್ದಾಗ ಗುರು ಎರಡು ಸಲ ಹೀಗೆ ತೊಳೆಸಿದ್ದ, ಎರಡು ಸಲವೂ ಫಲ ಕೊಟ್ಟಿತ್ತು. ಆಗ ಅವನ ಮೈಯಲ್ಲಿ ಎರಡು ಗ್ರಂಥಿ ಗಟ್ಟಿಮುಟ್ಟಾಗಿದ್ದವು.

"ನೀನು ಕಾವಲು" ಎಂದ. "ಮೂರು ದಿನ ಕಳೆದ ಮೇಲೆ ನಾನು ನಾಯಿ ಹಾಗೆ ಬೇಡ್ತೀನಿ. ಗೊತ್ತಿದೆ ನನಗೆ. ಕೊಡಬೇಡ. ಕಾಲಿಗೆ ಬಿದ್ರೂ ಕೊಡಬೇಡ."

"ನೀವು ಯಾವತ್ತು ನನ್ನ ಕಾಲಿಗೆ ಬಿದ್ದಿದೀರಿ?"

"ತಮಾಷೆ ಅಲ್ಲ ಕಣೇ. ಪಾತ್ರೆ ತೊಳೆಯೋಕೆ ಹೋದ ದಿನ ನಾನು ಸತ್ತ ಹಾಗೇ. ಮಾತು ಕೊಡು."

ಅವಳು ಕೊಟ್ಟಳು. ಮನೆಯಲ್ಲಿದ್ದ ಉಪ್ಪಿನ ಡಬ್ಬ, ಉಪ್ಪಿನಕಾಯಿಯ ಭರಣಿ, ಉಪ್ಪು ಸವರಿದ ಹುರಿಗಡಲೆಯ ಪೊಟ್ಟಣ ಕೂಡ, ಎಲ್ಲವನ್ನೂ ಬುಟ್ಟಿಗೆ ತುಂಬಿ ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಕ್ಯಾಂಟೀನಿನಲ್ಲಿ ರೊಟ್ಟಿ ಸುಡುವ ಅಕ್ಕನಿಗೆ ಉಪ್ಪು ಹಾಕುವ ಕೆಲಸ ಒಪ್ಪಿಸಿ, ಉಗ್ರಾಣದ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಜೊತೆ ತಾನೂ ಸಪ್ಪೆ ಉಂಡಳು. ಒಬ್ಬರೇ ಕಷ್ಟಪಟ್ಟರೆ ಅದೆಂಥ ಸಂಸಾರ ಎಂದುಕೊಂಡಳು, ಪಾಪ.

ಮೊದಲ ನಾಲ್ಕು ದಿನ ಅವನು ಹಲ್ಲು ಕಚ್ಚಿ ತಡೆದ. ಐದನೇ ದಿನದಿಂದ ವಾಕರಿಕೆ. ಏಳನೇ ದಿನ ಬಸ್ಸಿನಿಂದ ಇಳಿಯುವಾಗ ಮೊಣಕಾಲು ಕುಸಿದು ಮೆಟ್ಟಿಲ ಮೇಲೇ ಕೂತುಬಿಟ್ಟ. ಕಂಡಕ್ಟರ್, "ಕುಡಿದಿದಾರಾ?" ಎಂದು ಕೇಳಿದಾಗ ಅವಳು, "ನಿಮ್ಮಪ್ಪ ಕುಡೀತಾನಾ?" ಎಂದು ಬೈದು ಗಂಡನ ತೋಳು ಹಿಡಿದು ಎಬ್ಬಿಸಿದಳು. ತೋಳಿನಲ್ಲಿ ಏನೂ ಇರಲಿಲ್ಲ, ಬರೀ ಮೂಳೆ. "ರೀ, ಸಾಕು ಬಿಡ್ರೀ" ಎಂದಳು. ಅವನು ಒಪ್ಪಲಿಲ್ಲ. ಕೊಳೆಯೆಲ್ಲ ಹೋಗುವಾಗ ಹೀಗೇ ಆಗುವುದು ಎಂದ.

ಒಂಬತ್ತನೇ ದಿನ ಅವನು ಮೊದಲ ಸಲ ಕೇಳಿದ. ತಟ್ಟೆಯ ಅನ್ನ ಕಲಸುತ್ತ, ತಲೆ ಎತ್ತದೆ, "ಒಂದು ಚಿಟಿಕೆ ಹಾಕೇ. ಯಾರಿಗೂ ಗೊತ್ತಾಗಲ್ಲ" ಎಂದ. ಅವಳು ನಕ್ಕು, "ನನಗೆ ಗೊತ್ತಾಗತ್ತಲ್ಲ" ಎಂದಳು. ಅವನೂ ನಕ್ಕ. ಭೇಷ್ ಎಂದ.

ಹನ್ನೆರಡನೇ ದಿನ ಎರಡನೇ ಸಲ. ಈ ಬಾರಿ ಸಿಟ್ಟಿನಿಂದ. ಕೆಲಸಕ್ಕೆ ಹೋಗಲಾಗದೆ ಮಲಗಿದ್ದವನು ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಗೂಡಿನಲ್ಲಿದ್ದ ಡಬ್ಬಗಳನ್ನೆಲ್ಲ ಒಂದೊಂದಾಗಿ ತೆರೆದು ಬೀಳಿಸಿದ. "ಎಲ್ಲಿಟ್ಟಿದೀಯೇ? ನನ್ನ ಮನೇಲಿ ನನಗೇ ಇಲ್ವಾ?" ಎಂದು ಕೂಗಿದ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವನು ಹಾಗೆ ಕೂಗಿದ್ದು ಅದೇ ಮೊದಲು. ಅವಳು ಚೆಲ್ಲಿದ ಬೇಳೆಯನ್ನು ಬಳಿದು ಎತ್ತುತ್ತ ಅತ್ತಳು. ಕೊಟ್ಟುಬಿಡೋಣ ಎನ್ನಿಸಿತು. ಪಕ್ಕದ ಮನೆಯ ಬಾಗಿಲವರೆಗೂ ಹೋದಳು. ಬಾಗಿಲಲ್ಲಿ ನಿಂತಾಗ ಪಾತ್ರೆ ತೊಳೆಯುವ ಕಟ್ಟೆ ಕಣ್ಣಿಗೆ ಕಟ್ಟಿತು. ನಾನೂರು ಜನರ ಎಂಜಲು ತಟ್ಟೆಗಳ ಮುಂದೆ ಬಗ್ಗಿ ಕೂತ ಗಂಡ, ಅವನ ಬೆನ್ನ ಹಿಂದೆ ನಗುವವರು. ಇಷ್ಟು ದಿನ ತಡೆದದ್ದು ನೀರಿನಲ್ಲಿ ಹೋಮವಾಗುತ್ತದಲ್ಲ ಎನ್ನಿಸಿತು. ವಾಪಸು ಬಂದಳು.

ಹದಿನಾಲ್ಕನೇ ದಿನ ಬೆಳಿಗ್ಗೆ ಅವನಿಗೆ ಜ್ವರ. ವಾಂತಿ, ಭೇದಿ. ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮುದುರಿದ. ತುಟಿ ಒಣಗಿ ಬಿರಿದಿತ್ತು, ಒಸಡಿನ ಮೇಲೆ ಮಸಿ ಬಳಿದ ಹಾಗೆ ಕಪ್ಪು ಮಚ್ಚೆ. ಅವಳು ನೀರು ಕುಡಿಸಿದಳು, ಕುಡಿದಷ್ಟೂ ಹೊರಗೆ ಬಂತು. ಹತ್ತು ಗಂಟೆಯ ಹೊತ್ತಿಗೆ ಅವನು ಅವಳ ಸೆರಗು ಹಿಡಿದೆಳೆದ. ದನಿ ಇರಲಿಲ್ಲ, ಬರೀ ತುಟಿ ಆಡಿಸಿದ. ಅವಳು ಕಿವಿ ಹತ್ತಿರ ತಂದಳು.

"ಒಂದೇ ಹರಳು" ಎಂದ. "ನಾಲಿಗೆ ಮೇಲೆ."

"ಇನ್ನು ಏಳೇ ದಿನ ರೀ" ಎಂದಳು ಅವಳು, ಅವನ ತಲೆ ಸವರುತ್ತ. "ಇಷ್ಟು ದಿನ ತಡೆದಿದೀರಿ. ನನ್ನ ರಾಜ ಅಲ್ವಾ ನೀವು."

ಅವನು ಸೆರಗು ಬಿಟ್ಟ. ಕಣ್ಣು ಮೇಲಕ್ಕೆ ಹೊರಳಿತು. ಮೈ ತಣ್ಣಗಾಗಿ, ಬೆವರಿನಿಂದ ಚಾಪೆ ಒದ್ದೆಯಾಯಿತು. ಅವಳು ಕೂಗಿದ ಕೂಗಿಗೆ ಇಡೀ ಓಣಿ ಬಾಗಿಲು ತೆರೆಯಿತು.

ಆಸ್ಪತ್ರೆಯಲ್ಲಿ ಹೊತ್ತು ಹೇಗೆ ಹೋಯಿತು ಎಂದು ಅವಳಿಗೆ ತಿಳಿಯಲಿಲ್ಲ. ರಕ್ತದೊತ್ತಡ ಸಿಗುತ್ತಿಲ್ಲ ಎಂದು ಒಬ್ಬರು, ಸಕ್ಕರೆ ತಳ ಕಂಡಿದೆ ಎಂದು ಇನ್ನೊಬ್ಬರು, ಪರದೆಯ ಆಚೆ ಓಡಾಡುತ್ತಿದ್ದರು. ಬೆಂಚಿನ ಮೇಲೆ ಕೂತಿದ್ದ ಅವಳನ್ನು ಒಳಗೆ ಕರೆದವರು ನಡುವಯಸ್ಸಿನ ಒಬ್ಬ ಡಾಕ್ಟರಮ್ಮ. ಹಾರ್ಮೋನಿನ ಕಾಯಿಲೆ ನೋಡುವವರು ಎಂದು ನರ್ಸು ಹೇಳಿದ್ದಳು. ಡಾಕ್ಟರಮ್ಮ ರೋಗಿಯ ಎಡಗೈ ಬಿಡಿಸಿ ಹಿಡಿದು, ಅಂಗೈಯ ಕಪ್ಪು ಗೆರೆಗಳ ಮೇಲೆ ಬೆರಳು ಓಡಿಸುತ್ತಿದ್ದರು.

"ಇದು ಯಾವಾಗಿಂದ ಹೀಗಿದೆ?"

"ವರ್ಷದ ಮೇಲಾಯ್ತು ಡಾಕ್ಟ್ರೇ. ಅಡುಗೆಯವರು. ಹೊಗೆ ಇರಬೇಕು ಅಂತ..."

"ಹೊಗೆ ಒಸಡಿಗೆ ಹತ್ತಲ್ಲಮ್ಮ. ಉಪ್ಪು ಜಾಸ್ತಿ ತಿಂತಿದ್ರಾ? ಆಸೆಪಟ್ಟು?"

ಅವಳ ಮುಖ ಅರಳಿತು. ಇಷ್ಟು ದೊಡ್ಡ ಡಾಕ್ಟರು ಸರಿಯಾದ ಜಾಗಕ್ಕೇ ಕೈ ಹಾಕಿದರಲ್ಲ ಎನ್ನಿಸಿತು. "ಅಯ್ಯೋ, ಅದೇ ಚಟ ಡಾಕ್ಟ್ರೇ! ಮುಷ್ಟಿ ಮುಷ್ಟಿ ತಿಂತಿದ್ರು. ನಾನು ಬಿಡಿಸಿದೀನಿ. ಇವತ್ತಿಗೆ ಹದಿನಾಲ್ಕು ದಿನ, ಒಂದು ಹರಳು ಕೊಟ್ಟಿಲ್ಲ. ಬೆಳಿಗ್ಗೆ ಕೂಡ ಕೇಳಿದ್ರು. ಕೊಡ್ಲಿಲ್ಲ."

ಡಾಕ್ಟರಮ್ಮ ರೋಗಿಯ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಕಂಬಿಗೆ ನೇತುಹಾಕಿದ್ದ ಬಾಟಲಿಯ ಕಡೆ ನೋಡಿದರು. ಅದಾಗಲೇ ಮೂರನೆಯ ಬಾಟಲಿ.

"ಅಮ್ಮ, ಅದರಲ್ಲಿರೋದೇನು ಗೊತ್ತಾ ನಿಮಗೆ?"

"ಗ್ಲೂಕೋಸು."

"ಗ್ಲೂಕೋಸು ಸ್ವಲ್ಪ. ಮಿಕ್ಕಿದ್ದೆಲ್ಲ ಉಪ್ಪುನೀರು" ಎಂದರು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ಎರಡು ಗ್ರಂಥಿ, ಹಳೆಯ ಕ್ಷಯ, ಆಡಿಸನ್ ಎಂಬ ಹೆಸರಿನ ಕಾಯಿಲೆ. ಆ ಗ್ರಂಥಿ ಕೆಲಸ ನಿಲ್ಲಿಸಿದರೆ ತಲೆಯೊಳಗಿನ ಇನ್ನೊಂದು ಗ್ರಂಥಿ ಅದಕ್ಕೆ ಹುಕುಂ ಕಳಿಸುತ್ತಲೇ ಇರುತ್ತದೆ, ಮೈ ಕಪ್ಪಾಗುವುದು ಅದರಿಂದ ಎಂದರು. ಉಪ್ಪಿನ ಆಸೆ ಚಟವಲ್ಲ, ಮೈ ತನ್ನ ಪ್ರಾಣಕ್ಕೆ ತಾನೇ ಮಾಡುತ್ತಿದ್ದ ಉಪಾಯ ಎಂದರು. ಆ ಗ್ರಂಥಿಯ ಹಾರ್ಮೋನನ್ನೇ ಇಂಜೆಕ್ಷನ್ನಿನಲ್ಲಿ ಕೊಟ್ಟಿದ್ದೇವೆ, ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ನರ್ಸು ನಾಲ್ಕನೇ ಬಾಟಲಿ ಹಿಡಿದು ಒಳಗೆ ಹೋದದ್ದನ್ನು ನೋಡಿದಳು. ಮೂರು ಸಲ ಕೇಳಿದ್ದರು. ಮೂರು ಸಲ. ಒಂದು ಸಲ ನಕ್ಕೆ, ಒಂದು ಸಲ ಪಕ್ಕದ ಮನೆ ಬಾಗಿಲಿಂದ ವಾಪಸು ಬಂದೆ, ಒಂದು ಸಲ ರಾಜ ಅಂದೆ. ಯಾವ ವೈರಿಯೂ ಅವನಿಗೆ ಇಷ್ಟು ಪ್ರೀತಿಯಿಂದ ಇಷ್ಟು ಕೆಟ್ಟದ್ದು ಮಾಡಿರಲಾರ. ಅವಳಿಗೆ ಅಳು ಬರಲಿಲ್ಲ. ಮಗಳಿಗೆ ಫೋನು ಮಾಡಿ, "ಅಪ್ಪನಿಗೆ ಹುಷಾರಿಲ್ಲ, ಬಾ" ಎಂದಷ್ಟೇ ಹೇಳಿದಳು.

ನಾಲ್ಕನೇ ದಿನ ಮಧ್ಯಾಹ್ನ ಅವನು ಕಣ್ಣು ಬಿಟ್ಟ. ನಿಚ್ಚಳವಾಗಿ ಬಿಟ್ಟ, ಎರಡು ವರ್ಷದಿಂದ ಆ ಕಣ್ಣಿನಲ್ಲಿ ಅಷ್ಟು ಬೆಳಕು ಅವಳು ನೋಡಿರಲಿಲ್ಲ. ಡಾಕ್ಟರಮ್ಮ ಬಂದು ಒತ್ತಡ ನೋಡಿ, ಗಂಡ ಬದುಕಿದರು ಎಂದು ಅವಳ ಭುಜ ತಟ್ಟಿದರು. ಇನ್ನು ಜೀವ ಇರುವವರೆಗೆ ಮಾತ್ರೆ. ಒಂದು ದಿನ ತಪ್ಪುವಂತಿಲ್ಲ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಇಂಜೆಕ್ಷನ್, ಇಲ್ಲದಿದ್ದರೆ ಮತ್ತೆ ಇದೇ ಹಾಸಿಗೆ, ಅಥವಾ ಅದೂ ಇಲ್ಲ. ಅವಳು ಒಂದೊಂದು ಮಾತಿಗೂ ತಲೆಯಾಡಿಸಿದಳು. ಹಿಂದೊಮ್ಮೆ ಕೊಟ್ಟ ಮಾತು ಹೇಗೆ ಉಳಿಸಿಕೊಂಡೆ ಎಂದು ಅವಳಿಗೆ ನೆನಪಿತ್ತು. ಇನ್ನು ಮಾತ್ರೆಯ ಕಾವಲೂ ತನ್ನದೇ ಎಂದುಕೊಂಡು, ಮಾತ್ರೆಯ ಚೀಟಿಯನ್ನು ಎರಡು ಸಲ ಓದಿಸಿಕೊಂಡಳು.

ಡಾಕ್ಟರಮ್ಮ ಹೋಗಿ, ಊರಿಂದ ಬಂದಿದ್ದ ಮಗಳು ಮಾತ್ರೆ ತರಲು ಕೆಳಗಿಳಿದ ಮೇಲೆ ಅವನು ಬೆರಳು ಆಡಿಸಿ ಅವಳನ್ನು ಹತ್ತಿರ ಕರೆದ.

"ಇವತ್ತಿಗೆ ಎಷ್ಟನೇ ದಿನ?"

"ಯಾವುದಕ್ಕೆ ರೀ?"

"ನಾಲಿಗೆಗೆ. ಹದಿನೇಳು ತಾನೇ? ಇನ್ನು ನಾಲ್ಕು. ಇವರ ಊಟದಲ್ಲಿ ಉಪ್ಪಿರತ್ತೆ, ನೀನು ಮನೆಯಿಂದ ತಾ." ಸ್ವಲ್ಪ ಸುಧಾರಿಸಿಕೊಂಡು, "ನೀನು ಗಟ್ಟಿ ಕಣೇ. ಅವತ್ತು ಬೇರೆ ಯಾರಾದ್ರೂ ಆಗಿದ್ರೆ ಕೊಟ್ಟುಬಿಡ್ತಿದ್ರು" ಎಂದ.

ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಹಾಸಿಗೆಯ ಕಂಬಿ ಹಿಡಿದುಕೊಂಡು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಕಾಯಿಲೆಯ ಹೆಸರು ತಪ್ಪಾಗಿ ಹೇಳಿದಳು, ಗ್ರಂಥಿ ಎಲ್ಲಿದೆ ಎಂದು ತೋರಿಸಲು ಅವನ ಹೊಟ್ಟೆಯ ಮೇಲೆ ತಪ್ಪು ಜಾಗದಲ್ಲಿ ಕೈ ಇಟ್ಟಳು. "ಚಟ ಅಲ್ಲವಂತೆ ರೀ ಅದು. ನಿಮ್ಮ ಜೀವ ಕೇಳ್ತಿತ್ತಂತೆ. ಉಪ್ಪೇ ಔಷಧಿ ಆಗಿತ್ತಂತೆ. ನೀವು ಕೇಳಿದ್ರಿ, ನಾನು ಕೊಡ್ಲಿಲ್ಲ. ನಾನೇ ನಿಮ್ಮನ್ನ ಸಾಯಿಸ್ತಿದ್ದೆ" ಎಂದಳು.

ಅವನು ಸೂರು ನೋಡುತ್ತಿದ್ದ. ಬೈಯಲಿ ಎಂದು ಅವಳು ಕಾದಳು. ಮುಖ ತಿರುಗಿಸಿಕೊಂಡರೂ ಸರಿ ಎಂದುಕೊಂಡಳು. ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಲು ಅವಳು ಕೈ ಚಾಚಿದಾಗ ಆ ಕೈಯನ್ನು ಹಿಡಿದುಕೊಂಡ.

"ಹಾಗಾದ್ರೆ" ಎಂದ, "ನನ್ನ ನಾಲಿಗೆ ಕೆಟ್ಟಿರಲಿಲ್ಲ ಅನ್ನು."

ಅವಳು ಅವನನ್ನೇ ನೋಡಿದಳು. ಸತ್ತು ಬದುಕಿ ಬಂದ ಮನುಷ್ಯ ಕೇಳಿದ್ದು ಇದನ್ನು! "ಸಾಯ್ತಿದ್ರಿ ರೀ ನೀವು!" ಎಂದು ಚೀರಿ, ಪಕ್ಕದ ಹಾಸಿಗೆಯವರು ಎದ್ದು ಕೂರುವ ಹಾಗೆ, ಮೂರು ದಿನದಿಂದ ಬಾರದಿದ್ದ ಅಳುವನ್ನೆಲ್ಲ ಅವನ ಎದೆಯ ಮೇಲೆ ಬಿದ್ದು ಅತ್ತಳು.